ನೂರ ಎಂಬತ್ಮೂರು ಹಾಳೆಗಳು

ಮಾರ್ಚ್ 3

ಬೆಳಿಗ್ಗೆ ಮೂರು ಪೆಟ್ಟಿಗೆ ಬಂದವು. ಹೊತ್ತು ತಂದವನು ಮೂರನೆಯದನ್ನು ಇಳಿಸುತ್ತಾ, “ಏನಮ್ಮ, ಕಲ್ಲು ತರಿಸಿದೀರಾ?” ಎಂದ. ಕಲ್ಲಾಗಿದ್ದರೆ ಎಷ್ಟೋ ವಾಸಿ. ಒಳಗಿದ್ದದ್ದು ಎರಡು ಸಾವಿರದ ಐನೂರು ಬಿಡಿ ಹಾಳೆ.

ಅಕ್ಕನ ಹೊಸ ಕಾದಂಬರಿ ಸೆಪ್ಟೆಂಬರಿನಲ್ಲಿ ಬರುತ್ತದೆ. ಗಟ್ಟಿ ರಟ್ಟಿನ ಮೊದಲ ಮುದ್ರಣದಲ್ಲಿ ಎರಡು ಸಾವಿರದ ನಾನೂರು ಪ್ರತಿ ಸಂಗ್ರಹಕಾರರಿಗೆಂದೇ ಮೀಸಲು. ಈಗಿನ ಅಮೆರಿಕನ್ ಕಾದಂಬರಿಗಳ ಮೊದಲ ಮುದ್ರಣವನ್ನೇ ಹುಡುಕಿ ಕೂಡಿಡುವವರು ಬೇಕಾದಷ್ಟು ಜನ ಇದ್ದಾರಂತೆ. ಅವರ ಕಪಾಟುಗಳಲ್ಲಿ ಅಕ್ಕನಿಗೂ ಒಂದು ಜಾಗ ಇದೆ. ಅವರಿಗೆ ಲೇಖಕಿಯ ಸಹಿ ಬೇಕು. ಪುಸ್ತಕಗಳನ್ನೆಲ್ಲ ಇಲ್ಲಿಗೆ ಹೊತ್ತು ತಂದು ಸಹಿ ಹಾಕಿಸುವುದು ಆಗದ ಕೆಲಸ. ಹಾಗಾಗಿ ಸಹಿ ಬೀಳಬೇಕಾದ ಹಾಳೆಯನ್ನಷ್ಟೇ ಮೊದಲು ಕಳಿಸುತ್ತಾರೆ, ಆಮೇಲೆ ಪುಸ್ತಕದ ಜೊತೆ ಸೇರಿಸಿ ಹೊಲಿಯುತ್ತಾರೆ. ಹೆಚ್ಚಿನ ನೂರು ಹಾಳೆ, ಕೆಟ್ಟುಹೋದರೆ ಇರಲಿ ಎಂದು. ತಿಂಗಳ ಕೊನೆಗೆ ಪೆಟ್ಟಿಗೆ ಒಯ್ಯಲು ಬರುತ್ತಾರೆ.

ಹಿಂದೆ ಅಕ್ಕ ರೇಡಿಯೋ ಕೇಳುತ್ತಾ ಗಂಟೆಗೆ ಮುನ್ನೂರು ಹಾಕುತ್ತಿದ್ದಳು. ಇವತ್ತು ಇಡೀ ದಿನಕ್ಕೆ ಹನ್ನೊಂದು. ಇನ್ನು ನಾಲ್ಕು ಕೆಟ್ಟವು.

ಅವಳ ಕೈ ನಡುಗುವ ವಿಷಯ ಡಾಕ್ಟರಿಗೆ, ನನಗೆ ಮತ್ತು ಈ ದಿನಚರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಜನವರಿಯಲ್ಲಿ ನಾಲ್ಕು ದಿನ ಇದ್ದು ಹೋಗೋಣ ಎಂದು ಬಂದಿದ್ದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವಳು ಕಾಲು ಗಂಟೆ ಒದ್ದಾಡುವುದನ್ನು ನೋಡಿ ಇಲ್ಲೇ ಉಳಿದೆ.

ಮಾರ್ಚ್ 6

ಈಗ ಒಂದು ಕ್ರಮಕ್ಕೆ ಬಂದಿದ್ದೇವೆ. ಮಾತ್ರೆ ನುಂಗಿ ನಲವತ್ತು ನಿಮಿಷಕ್ಕೆ ಅವಳ ಕೈ ಸ್ವಲ್ಪ ಹತೋಟಿಗೆ ಬರುತ್ತದೆ, ಒಂದು ಗಂಟೆ ಹಾಗೇ ಇರುತ್ತದೆ. ಆ ಒಂದು ಗಂಟೆ ನಾನು ಎಡಗಡೆಯಿಂದ ಹಾಳೆ ತಳ್ಳುತ್ತೇನೆ, ಅವಳು ಬರೆಯುತ್ತಾಳೆ, ಬಲಗಡೆಯಿಂದ ಎಳೆದು ಹಾಸಿಗೆಯ ಮೇಲೆ ಒಣಗಲು ಹರಡುತ್ತೇನೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂತವಳು ನಾನು. ಎಣಿಸುವುದು, ಚೀಟಿ ನೋಡುವುದು, ಮತ್ತೆ ಎಣಿಸುವುದು, ಇದು ನನ್ನ ರಕ್ತದಲ್ಲೇ ಇದೆ. ಒಟ್ಟು ಐವತ್ತೆರಡು ಆಗಿವೆ. ಕೆಟ್ಟವು ಹತ್ತೊಂಬತ್ತು.

ಕೆಟ್ಟ ಹಾಳೆಗಳನ್ನೂ ಎಣಿಸಿ ವಾಪಸು ಕಳಿಸಬೇಕೆಂದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಚ್ಚು ಹಾಕಿದ್ದಾರೆ. ಒಂದೂ ಹೊರಗೆ ಹೋಗಬಾರದಂತೆ. ಅಂದರೆ ಅಲ್ಲಿ ಯಾರೋ ಕೂತು ಅಕ್ಕನ ಕೆಟ್ಟ ಸಹಿಗಳನ್ನು ಒಂದೊಂದಾಗಿ ನೋಡುತ್ತಾರೆ. ಇದು ಹೊಳೆದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

“ಹೇಳಿಬಿಡೋಣ ಅಕ್ಕ,” ಎಂದೆ. “ಕೈ ಸರಿಯಿಲ್ಲ ಅಂದ್ರೆ ಅವರೇನು ಗಲ್ಲಿಗೆ ಹಾಕ್ತಾರಾ?”

“ಇವತ್ತು ಕೈ ನಡುಗುತ್ತೆ ಅಂತ ಹೇಳಿದ್ರೆ ನಾಳೆ ತಲೇನೂ ನಡುಗ್ತಿದೆ ಅಂತಾರೆ. ವಾಕ್ಯ ಉದ್ದ ಆದ್ರೆ ಕಾಯಿಲೆ, ಗಿಡ್ಡ ಆದ್ರೂ ಕಾಯಿಲೆ. ಆರು ವರ್ಷ ಕೂತು ಬರೆದಿದೀನಿ ಪುಟಾಣಿ. ಅದನ್ನ ಪುಸ್ತಕ ಅಂತ ಓದಲಿ. ಆಸ್ಪತ್ರೆ ಕಾಗದ ಅಂತ ಓದೋದು ಬೇಡ.”

ಅರವತ್ತೊಂದು ವರ್ಷದ ಪುಟಾಣಿ ನಾನು. ಬಾಯಿ ಮುಚ್ಚಿಕೊಂಡು ಹಾಳೆ ತಳ್ಳಿದೆ.

ಮಾರ್ಚ್ 12

ಒಟ್ಟು ನೂರ ಮೂವತ್ತು. ಹತ್ತು ದಿನಕ್ಕೆ ಇಷ್ಟಾದರೆ ಎಲ್ಲ ಮುಗಿಯಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿದೆ. ಸೆಪ್ಟೆಂಬರ್ ಆಗುತ್ತದೆ. ಪುಸ್ತಕ ಅಂಗಡಿಗೆ ಬರುವ ದಿನ ನಾವು ಸಹಿ ಮುಗಿಸುತ್ತೇವೆ.

ಅಕ್ಕನ ಬೆರಳಲ್ಲಿ ಬೊಬ್ಬೆ ಎದ್ದಿದೆ.

ಮಾರ್ಚ್ 15

ಇವತ್ತು ಒಂದು ಎಡವಟ್ಟಾಯಿತು. ಸಂಪಾದಕಿ ಫೋನು ಮಾಡಿದರು. ಹನ್ನೆರಡು ವರ್ಷದಿಂದ ಅಕ್ಕನ ಪುಸ್ತಕಗಳನ್ನು ನೋಡಿಕೊಳ್ಳುವವರು ಇವರೇ. ಆದರೆ ಅವರಿಬ್ಬರ ಜಗಳವೂ ಸ್ನೇಹವೂ ಕಾಗದದಲ್ಲೇ. ಮುಖ ನೋಡಿದ್ದು ಎರಡೋ ಮೂರೋ ಸಲ. ಅಕ್ಕ ಸ್ನಾನಕ್ಕೆ ಹೋಗಿದ್ದಳು. ನಾನು ಹಲೋ ಎಂದದ್ದೇ ತಡ, “ಮೇಡಂ, ಹಾಳೆಗಳು ಎಲ್ಲೀವರೆಗೆ ಬಂದ್ವು?” ಎಂದರು.

ಫೋನಿನಲ್ಲಿ ನಮ್ಮಿಬ್ಬರ ದನಿ ಒಂದೇ. ಅಮ್ಮನಿಗೇ ಗುರುತು ಸಿಗುತ್ತಿರಲಿಲ್ಲ, ಅಕ್ಕನ ಪಾಲಿನ ಬೈಗುಳವನ್ನು ಎಷ್ಟೋ ಸಲ ನಾನು ತಿಂದಿದ್ದೇನೆ. ನಾನು ಅವರಲ್ಲ ಎನ್ನಲು ಬಾಯಿ ತೆರೆದೆ. ಹಾಗೆಂದರೆ, ನೀವು ಯಾರು, ಯಾಕೆ ಬಂದಿದ್ದೀರಿ, ಅವರಿಗೆ ಹುಷಾರಿಲ್ಲವಾ ಎಂದು ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

“ಆಗ್ತಾ ಇದೆ,” ಎಂದೆ.

“ಏನೂ ತೊಂದರೆ ಇಲ್ವಲ್ಲ ಮೇಡಂ?”

“ಏನಿಲ್ಲ.”

ಫೋನು ಇಟ್ಟ ಮೇಲೆ ನೋಡುತ್ತೇನೆ, ಕೂತಿದ್ದ ಕುರ್ಚಿಯ ಬೆನ್ನೆಲ್ಲ ಬೆವರು. ಅಕ್ಕನಿಗೆ ಹೇಳಿದೆ. ಅವಳು ತಲೆ ಒರೆಸಿಕೊಳ್ಳುತ್ತಾ, “ನಾನೂ ಅಷ್ಟೇ ಹೇಳ್ತಿದ್ದೆ ಬಿಡು,” ಎಂದಳು.

ಮಾರ್ಚ್ 17

ಮಾಡಿಬಿಟ್ಟೆ. ಬರೆದಿಡಲೂ ಭಯವಾಗುತ್ತಿದೆ, ಬರೆಯದಿದ್ದರೆ ಎದೆ ಒಡೆಯುತ್ತದೆ.

ಮಧ್ಯಾಹ್ನ ಅಕ್ಕ ಮಲಗಿದ್ದಳು. ಮೇಜಿನ ಮೇಲೆ ಅವಳ ಹಳೆಯ ಪುಸ್ತಕವೊಂದು ಸಹಿಯ ಪುಟ ತೆರೆದುಕೊಂಡು ಬಿದ್ದಿತ್ತು. ದಿನಪತ್ರಿಕೆಯ ಅಂಚಿನಲ್ಲಿ ಸುಮ್ಮನೆ ಗೀಚಿದೆ. ಮೊದಲು ಒಂದು ದೊಡ್ಡ ಸುತ್ತು, ನಡುವೆ ಮೂರು ಸಣ್ಣ ಏರಿಳಿತ, ಕೊನೆಗೆ ಎಡಕ್ಕೆ ಹಿಂತಿರುಗುವ ಒಂದು ಗೆರೆ. ಡಾಕ್ಟರುಗಳ ಕೋಳಿಗೀಚನ್ನು ಮೂವತ್ತೊಂದು ವರ್ಷ ಓದಿದವಳಿಗೆ ಒಬ್ಬರ ಕೈ ಹೇಗೆ ಓಡುತ್ತದೆ ಎಂಬುದು ಬೇಗ ಗೊತ್ತಾಗುತ್ತದೆ. ಇಪ್ಪತ್ತನೆಯದಕ್ಕೆ ಬಂತು. ಆಮೇಲೆ ಹಾಳೆ ಎಳೆದುಕೊಂಡೆ.

ಏಳನೆಯ ಹಾಳೆಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬಂದು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಹಾಳೆ ಅವಳ ಕೈಯಲ್ಲಿ ಪಟಪಟ ಎನ್ನುತ್ತಿತ್ತು.

“ಯಾವಾಗ ಹಾಕಿದೆ ನಾನು ಇದನ್ನ?” ಎಂದಳು.

ನಾನು ಪೆನ್ನು ಕೆಳಗಿಟ್ಟೆ. ಅವಳಿಗೆ ಅರ್ಥವಾಯಿತು. ಬೈಯುತ್ತಾಳೆ ಎಂದುಕೊಂಡೆ. ಅವಳು ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು. “ಇನ್ನೊಂದು ಹಾಕು, ನೋಡೋಣ.” ಹಾಕಿದೆ. “ಕೊನೇ ಗೆರೆ ಅಷ್ಟು ಉದ್ದ ಬೇಡ. ನನಗೆ ಅಷ್ಟು ತಾಳ್ಮೆ ಇಲ್ಲ.”

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವಳು, “ನಾನು ಹಾಕಿದ್ದು ಎಷ್ಟಿವೆ?” ಎಂದು ಕೇಳಿದಳು. ನೂರ ಎಂಬತ್ಮೂರು. “ಅವು ಇರಲಿ. ಅವನ್ನ ತೆಗೆದು ನಿಂದು ಇಡಬೇಡ. ಡೊಂಕಾಗಿರಲಿ, ಸೊಟ್ಟಗಿರಲಿ, ಅವು ಹೋಗಬೇಕು.”

ಹ್ಞೂಂ ಎಂದಿದ್ದೇನೆ. ಶೀಶೆಗೆ ತಪ್ಪು ಚೀಟಿ ಅಂಟಿಸುವುದಕ್ಕಿಂತ ದೊಡ್ಡ ಪಾಪ ನನ್ನ ಕಸುಬಿನಲ್ಲಿ ಇರಲಿಲ್ಲ. ಇವತ್ತು ಅದನ್ನೇ ಮಾಡಿದೆ. ಆದರೆ ಇದರಿಂದ ಯಾರೂ ಸಾಯುವುದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೇನೆ.

ಮಾರ್ಚ್ 21

ನಾನೂರ ಹತ್ತು, ಒಂದೇ ದಿನಕ್ಕೆ. ಬಾಗಿಲ ಕರೆಗಂಟೆ ಎರಡು ಸಲ ಬಡಿಯಿತು. ಎರಡು ಸಲವೂ ಹಾಳೆಗಳ ಮೇಲೆ ಹೊದಿಕೆ ಎಳೆದೆ. ಒಮ್ಮೆ ಹಾಲಿನವನು, ಒಮ್ಮೆ ಪಕ್ಕದ ಮನೆಯಾಕೆ, ಏಣಿ ಕೇಳಲು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು.

ಬರೆಯುವಾಗ ಮಾತ್ರ ಭಯ ಇರುವುದಿಲ್ಲ. ನಿಧಾನ ಮಾಡಿದರೆ ಕೆಡುತ್ತದೆ, ವೇಗ ಬೇಕು. ನಡುವಿನ ಏರಿಳಿತ ಇವತ್ತು ನಮ್ಮದು ಬಹಳ ಚೆನ್ನಾಗಿ ಬಂತು.

ಮಾರ್ಚ್ 29

ಮುಗಿಯಿತು. ಅಕ್ಕನವು ನೂರ ಎಂಬತ್ಮೂರು, ನನ್ನವು ಎರಡು ಸಾವಿರದ ಇನ್ನೂರ ಹದಿನೇಳು. ಅವಳವು ಒಂದೇ ಕಡೆ ಇದ್ದರೆ ಕಣ್ಣಿಗೆ ಹೊಡೆಯುತ್ತವೆ ಎಂದು ಅಲ್ಲೊಂದು ಇಲ್ಲೊಂದು ಸೇರಿಸಿದೆ. ಹದಿಮೂರಕ್ಕೊಂದು ಬೀಳುತ್ತದೆ. ಕೆಟ್ಟ ಹಾಳೆಗಳ ಕಟ್ಟಿನ ಮೇಲೆ ಎರಡು ಲೋಟ ಟೀ ಸುರಿದು ಒಣಗಿಸಿದೆ, ಯಾರಿಗೂ ಏನೂ ಓದಲಾಗಬಾರದು. “ಟೀ ಚೆಲ್ಲಿತು, ಕ್ಷಮಿಸಿ” ಎಂದು ಚೀಟಿ ಬರೆದು ಸಹಿ ಹಾಕಿದೆ.

ಪೆಟ್ಟಿಗೆ ಒಯ್ದವನು ರಸೀದಿಗೆ ಸಹಿ ಕೇಳಿದ. ಅದಕ್ಕೂ ಹಾಕಿದೆ.

ಏಪ್ರಿಲ್ 24

ಔಷಧ ಮಂಡಳಿಗೆ ನೋಂದಣಿ ಮುಂದುವರಿಸಲು ಅರ್ಜಿ ಕಳಿಸಿದ್ದೆ, ವಾಪಸು ಬಂದಿದೆ. ಸಹಿ ಹಳೆಯದಕ್ಕೆ ತಾಳೆಯಾಗುತ್ತಿಲ್ಲವಂತೆ. ನೋಡಿದರೆ ನನ್ನ ಹೆಸರಿನ ಕೊನೆಯ ಗೆರೆ ಎಡಕ್ಕೆ ತಿರುಗಿ ಕೂತಿದೆ. ಅವಸರದಲ್ಲಿ ಹಾಕಿರಬೇಕು. ಹೊಸ ಅರ್ಜಿಯಲ್ಲಿ ನಿಧಾನವಾಗಿ ಹಾಕಲು ಹೋದರೆ ನನ್ನದು ಹೇಗಿತ್ತು ಎಂಬುದೇ ನೆನಪಾಗದೆ ಹಳೆಯ ಗುರುತಿನ ಚೀಟಿ ತೆಗೆದು ನೋಡಿಕೊಂಡೆ.

ಸಂಪಾದಕಿ ಈ ವಾರ ಮೂರು ಸಲ ಫೋನು ಮಾಡಿದರು. ಒಳ್ಳೆಯ ಹೆಂಗಸು. ಪುಸ್ತಕದ ಹೊದಿಕೆಯ ಬಣ್ಣದ ಬಗ್ಗೆ ಕೇಳಿದರು, ಬೂದು ಬೇಡ, ಹಸಿರು ಇರಲಿ ಎಂದೆ.

ಜೂನ್ 18

ಬಹಳ ದಿನದಿಂದ ಬರೆದಿಲ್ಲ. ಕೆಲಸ. ಓದುಗರ ಕಾಗದಗಳಿಗೆ ಉತ್ತರ, ಒಂದು ಪತ್ರಿಕೆಯವರಿಗೆ ಫೋನಿನಲ್ಲೇ ಸಂದರ್ಶನ. ಮೊದಮೊದಲು ಅಕ್ಕ ಪಕ್ಕದಲ್ಲಿ ಕೂತು ಇದು ಹೇಳು, ಇದು ಬೇಡ ಎನ್ನುತ್ತಿದ್ದಳು. ಈಗ ಅಷ್ಟು ಬೇಕಾಗುವುದಿಲ್ಲ. ಅವರು ಕೇಳುವುದೂ ಅದೇ ನಾಲ್ಕು ಪ್ರಶ್ನೆ.

ಡಾಕ್ಟರು ಬಂದಿದ್ದರು. ಅಕ್ಕನ ದನಿ ತಗ್ಗಿದೆ, ಇದು ಈ ಕಾಯಿಲೆಯಲ್ಲಿ ಆಗುವಂಥದ್ದೇ, ದಿನಾ ಜೋರಾಗಿ ಓದಿಸಿ ಎಂದರು. ಓದಿಸಬೇಕು. ಸಮಯ ಎಲ್ಲಿದೆ.

ಅಕ್ಕ ಇತ್ತೀಚೆಗೆ ಪೆನ್ನು ಕೇಳುವುದೇ ಇಲ್ಲ. ಒಳ್ಳೆಯದೇ ಆಯಿತು, ಸುಸ್ತಾಗುವುದು ತಪ್ಪಿತು.

ಸೆಪ್ಟೆಂಬರ್ 9

ಪುಸ್ತಕ ಬಂತು, ಹತ್ತು ಪ್ರತಿ. ಹಸಿರು ಹೊದಿಕೆ ತುಂಬ ಚೆನ್ನಾಗಿದೆ. ರಟ್ಟಿಗೆ ಬಟ್ಟೆ ಹೊದಿಸಿದ್ದಾರೆ, ಬೆರಳು ಆಡಿಸಿದರೆ ಗರಗರ ಎನ್ನುತ್ತದೆ. ಒಂದೊಂದನ್ನೇ ತೆರೆದು ಸಹಿ ನೋಡಿದೆ. ಎಲ್ಲ ಸರಿಯಾಗಿವೆ, ಒಂದೂ ಅನುಮಾನ ಬರುವಂಥದ್ದಿಲ್ಲ.

ನನ್ನ ಹಿಂದೆಯೇ ಅಕ್ಕನೂ ಒಂದೊಂದನ್ನೇ ತೆರೆದಳು. ಅವಳಿಗೆ ಪುಟ ತಿರುಗಿಸಲು ಬಹಳ ಹೊತ್ತು ಬೇಕು. ಹತ್ತನೆಯದನ್ನೂ ನೋಡಿ ಮುಚ್ಚಿ, “ನಂದು ಒಂದೂ ಬಂದಿಲ್ಲ,” ಎಂದಳು.

“ಅದೃಷ್ಟ ಅನ್ನು,” ಎಂದೆ.

ಅಕ್ಟೋಬರ್ 4

ಮೊದಲ ಮುದ್ರಣಗಳನ್ನು ಮಾರುವ ವ್ಯಾಪಾರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಅಂಗಡಿಯಲ್ಲಿ ಈಗಿನ ಅಮೆರಿಕನ್ ಕಾದಂಬರಿಗಳಷ್ಟೇ, ಅದೂ ಗಟ್ಟಿ ರಟ್ಟಿನ, ಸಹಿ ಇರುವ ಪ್ರತಿಗಳಷ್ಟೇ. “ತಮ್ಮ ಹೊಸ ಪುಸ್ತಕದಲ್ಲಿ ಖೋಟಾ ಸಹಿಗಳು ಕಂಡುಬಂದಿವೆ. ಮಂಗಳವಾರ ಖುದ್ದಾಗಿ ಬಂದು ತೋರಿಸುತ್ತೇನೆ.”

ಖೋಟಾ. ಆ ಪದವನ್ನು ಹತ್ತು ಸಲ ಓದಿದೆ. ಅಕ್ಕನಿಗೆ ತೋರಿಸಿದೆ. ಅವಳು ಹೆದರಿದಂತೆ ಕಾಣಲಿಲ್ಲ. “ಬರಲಿ ಬಿಡು. ಹೇಗಾದರೂ ಒಂದು ದಿನ ಮುಗೀಬೇಕಿತ್ತು,” ಎಂದಳು. ಅವಳಿಗೇನು, ಕೈ ನನ್ನದು.

ಅಕ್ಟೋಬರ್ 7

ಬಂದಿದ್ದರು. ಕುತ್ತಿಗೆಗೆ ದಾರದಲ್ಲಿ ನೇತುಹಾಕಿದ ಭೂತಗನ್ನಡಿ, ಚೀಲದಲ್ಲಿ ನಾಲ್ಕು ಪುಸ್ತಕ. ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು, ಕೈಗಳು ಶಾಲಿನ ಒಳಗೆ. ನಾನು ತಂಗಿ ಎಂದು ಹೇಳಿಕೊಂಡು ಟೀ ಕೊಟ್ಟೆ. ತಟ್ಟೆಯ ಮೇಲೆ ಲೋಟ ಕಟಕಟ ಎಂದದ್ದು ನನ್ನ ಕೈಯಿಂದ.

“ನಲವತ್ತು ಪ್ರತಿ ತರಿಸಿದ್ದೆ ಮೇಡಂ,” ಎಂದರು. “ಅದರಲ್ಲಿ ಮೂರು ನನಗೆ ಸರಿ ಕಾಣಲಿಲ್ಲ. ನೀವೇ ನೋಡಿ.”

ಎರಡು ಪುಸ್ತಕ ತೆರೆದು ಅಕ್ಕನ ಮುಂದೆ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದರಲ್ಲಿ ನೀರಿನ ಹಾಗೆ ಹರಿದ ಸಹಿ. ಇನ್ನೊಂದರಲ್ಲಿ ಸುತ್ತು ಮುರಿದು, ಏರಿಳಿತ ಗರಗಸವಾಗಿ, ಕೊನೆಯ ಗೆರೆ ಅರ್ಧಕ್ಕೇ ನಿಂತಿತ್ತು.

“ಇದರಲ್ಲಿ ನಿಮ್ಮದು ಯಾವುದು ಮೇಡಂ?”

“ಇದು,” ಎಂದು ನಾನು ಮೊದಲನೆಯದರ ಮೇಲೆ ಬೆರಳಿಟ್ಟೆ. “ಅದು ನಮ್ಮದಲ್ಲ.”

ಎಷ್ಟು ಸಲೀಸಾಗಿ ಬಂತು ಮಾತು. ವ್ಯಾಪಾರಿಯ ಮುಖ ಅರಳಿತು. “ನಾನೂ ಅದೇ ಅಂದ್ಕೊಂಡೆ. ನೋಡಿ, ಸ್ವಂತ ಸಹಿ ಹಾಕೋರು ಯೋಚನೆ ಮಾಡಲ್ಲ, ಕೈ ತಾನೇ ಓಡುತ್ತೆ. ನಕಲು ಮಾಡೋರು ಹೆದರ್ತಾ ನಿಧಾನಕ್ಕೆ ಎಳೀತಾರೆ, ಗೆರೆ ನಡುಗುತ್ತೆ. ಮೂವತ್ತು ವರ್ಷದಿಂದ ನೋಡ್ತಿದೀನಿ. ಹೊಲಿಯೋ ಕಡೆ ಯಾರೋ ಕೆಲವು ಹಾಳೆ ಕಳಕೊಂಡು ತಾವೇ ಗೀಚಿ ಸೇರಿಸಿದಾರೆ.” ಪ್ರಕಾಶಕರಿಗೆ ಆಗಲೇ ತಿಳಿಸಿದ್ದಾರಂತೆ. ಇಂಥ ಪ್ರತಿ ಎಲ್ಲೆಲ್ಲಿ ಸಿಕ್ಕರೂ ವಾಪಸು ತರಿಸಿ ನಾಶ ಮಾಡುತ್ತಾರಂತೆ. “ನಿಮ್ಮ ಹೆಸರಿಗೆ ಒಂದು ಕಲೆಯೂ ಉಳಿಯಲ್ಲ ಮೇಡಂ, ನೀವು ನಿಶ್ಚಿಂತೆಯಿಂದ ಇರಿ.”

ಅಕ್ಕ ಎರಡನೆಯ ಪುಸ್ತಕವನ್ನೇ ನೋಡುತ್ತಿದ್ದಳು. ಏನೋ ಹೇಳಿದಳು. ವ್ಯಾಪಾರಿಗೆ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ಅವರು ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಪಾರಾದೆವು. ಸಂಜೆ ಮೂರು ದಿನದ ನಂತರ ಹೊಟ್ಟೆ ತುಂಬ ಉಂಡೆ.

ಅಕ್ಟೋಬರ್ 8

ಅಕ್ಕ ಮಾತಾಡುತ್ತಿಲ್ಲ. ಮಾತ್ರೆ ಕೊಟ್ಟರೆ ನುಂಗುತ್ತಾಳೆ, ಅಷ್ಟೇ.

ಅಕ್ಟೋಬರ್ 9

ಬೆಳಿಗ್ಗೆ ಕೂದಲು ಬಾಚುವಾಗ ನಾನೇ ಕೇಳಿದೆ. “ನಿನ್ನ ಗುಟ್ಟು ಉಳಿಸೋಕೆ ತಾನೇ ಹಾಗಂದಿದ್ದು? ಇನ್ನೇನು ಹೇಳಬೇಕಿತ್ತು ನಾನು?”

ಅವಳು, “ಅವರು ಕೇಳಿದ್ದು ನನ್ನನ್ನ ಪುಟಾಣಿ,” ಎಂದಳು. ಈಗ ಅವಳ ಮಾತು ಕೇಳಬೇಕಾದರೆ ಬಾಯಿಯ ಹತ್ತಿರ ಕಿವಿ ಇಡಬೇಕು. “ಆ ಹಾಳೆಗಳಿಗೆ ಸಹಿ ಹಾಕಿದ ದಿನಗಳು ನೆನಪಿದೆಯಾ? ಒಂದೊಂದಕ್ಕೂ ಉಸಿರು ಬಿಗಿ ಹಿಡೀತಿದ್ದೆ. ಎರಡೂವರೆ ಸಾವಿರದಲ್ಲಿ ಆ ನೂರ ಎಂಬತ್ಮೂರು ಅಷ್ಟೇ ನಾನು ಮಾಡಿದ್ದು. ಅಷ್ಟನ್ನೂ ಹುಡುಕಿ ಹುಡುಕಿ ಸುಡ್ತಾರೆ ಈಗ.”

ಬಾಚಣಿಗೆ ಹಿಡಿದುಕೊಂಡು ನಿಂತೆ. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಇಷ್ಟು ತಿಂಗಳು ಹೆದರಿ ಸತ್ತವಳು ನಾನು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಮೊನ್ನೆ ಆ ಪುಸ್ತಕವನ್ನು ನೋಡಿದಾಗ ನನಗೆ ಅದು ಅಕ್ಕನದು ಎನ್ನಿಸಲೇ ಇಲ್ಲ. ಸುಳ್ಳು ಹೇಳುತ್ತಿದ್ದೇನೆ ಎಂದೂ ಅನ್ನಿಸಲಿಲ್ಲ. ಇದನ್ನು ಅವಳಿಗೆ ಹೇಳಿಲ್ಲ.

ಅಕ್ಟೋಬರ್ 11

ಅಕ್ಕ ಹೇಳಿದಂತೆ ಸಂಪಾದಕಿಗೆ ಕಾಗದ ಬರೆದೆ. ನಾಲ್ಕೇ ಸಾಲು. ನಡುಗುವ ಸಹಿಗಳು ನನ್ನವು, ನನಗೆ ಕಾಯಿಲೆಯಿದೆ. ಚೆಂದದ ಸಹಿಗಳು ನನ್ನ ಒಪ್ಪಿಗೆಯಿಂದ ನನ್ನ ತಂಗಿ ಹಾಕಿದವು. ಅದಕ್ಕೆ ಹೊಣೆ ನಾನು. ನಡುಗುವವನ್ನು ದಯವಿಟ್ಟು ನಾಶ ಮಾಡಬೇಡಿ.

ಬರೆದು ಮುಗಿಸಿ, ಪೆನ್ನು ಕೆಳಗೆ ಇಳಿಸುವ ಮೊದಲೇ ನನ್ನ ಕೈ ಸಹಿಯ ಜಾಗಕ್ಕೆ ಹೋಗಿತ್ತು.

“ಇದಕ್ಕೂ ನೀನೇ ಹಾಕ್ತೀಯಾ?” ಎಂದಳು ಅಕ್ಕ.

ಪೆನ್ನು ಅವಳಿಗೆ ಕೊಟ್ಟೆ. ಮಾರ್ಚ್ ಆದ ಮೇಲೆ ಇದೇ ಮೊದಲು. ನಾನು ಎರಡೂ ಕೈಯಿಂದ ಕಾಗದ ಒತ್ತಿ ಹಿಡಿದೆ. ಹನ್ನೊಂದು ನಿಮಿಷ. ಮಾರ್ಚಿನ ಸಹಿಗಳಿಗಿಂತ ಎಷ್ಟೋ ಕೆಟ್ಟದಾಗಿ ಬಂತು, ಹೆಸರಿನ ಅಕ್ಷರ ಒಂದೂ ತಿಳಿಯುವುದಿಲ್ಲ. ಅವಳು ಅದನ್ನು ನೋಡಿ, “ಆಯ್ತು,” ಎಂದಳು.

ಅಂಚೆ ಡಬ್ಬದ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಹಿಂದಿನಿಂದ ಯಾರೋ “ಹಾಕ್ತೀರಾ ಇಲ್ವಾ?” ಎಂದರು. ಹಾಕಿದೆ.

ಅಕ್ಟೋಬರ್ 15

ಇನ್ನೂ ಏನೂ ಇಲ್ಲ. ಗಂಟೆ ಬಡಿದರೆ ಪೊಲೀಸರು ಎನ್ನಿಸುತ್ತದೆ. ಔಷಧ ಮಂಡಳಿ ನನ್ನ ನೋಂದಣಿ ಕಿತ್ತುಹಾಕುತ್ತದೆ, ಪತ್ರಿಕೆಯಲ್ಲಿ ಹೆಸರು ಬರುತ್ತದೆ. ಅಕ್ಕ ಮಾತ್ರ ಬೆಳಿಗ್ಗೆ ಪುಸ್ತಕ ತೆಗೆದುಕೊಂಡು ಗಟ್ಟಿಯಾಗಿ ಓದಲು ಕೂತಳು, ಡಾಕ್ಟರು ಜೂನ್‌ನಲ್ಲಿ ಹೇಳಿದಂತೆ. ಗಟ್ಟಿ ಎಂದರೆ ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು.

ಅಕ್ಟೋಬರ್ 21

ಹನ್ನೊಂದು ಗಂಟೆಗೆ ಫೋನು. ಎತ್ತಿದೆ.

“ಮೇಡಂ, ನಮಸ್ಕಾರ,” ಎಂದರು ಸಂಪಾದಕಿ. “ನಿಮಗೆ ಗಾಬರಿ ಮಾಡಬಾರದು ಅಂತ ಇಷ್ಟು ದಿನ ಹೇಳಲಿಲ್ಲ. ನಿಮ್ಮ ಹೆಸರಲ್ಲಿ ಯಾರೋ ತಲೆಕೆಟ್ಟೋರು ಒಂದು ಕಾಗದ ಬರೆದಿದಾರೆ. ಕಾಯಿಲೆಯಂತೆ, ತಂಗಿಯಂತೆ, ಏನೇನೋ. ನೋಡಿದ ತಕ್ಷಣ ಗೊತ್ತಾಯ್ತು ಬಿಡಿ. ಸಹಿ ತಾಳೆ ನೋಡಿದ್ವಿ, ನಿಮ್ಮದಕ್ಕೂ ಅದಕ್ಕೂ ಅಜಗಜಾಂತರ. ಆ ಖೋಟಾ ಮಾಡಿದ ಕೈನೇ ಇರಬೇಕು.”

ನಾನು ಗೋಡೆಗೆ ಒರಗಿದೆ. ಯಾರಿಗಾಗಿ ಬರೆಯುತ್ತಿದ್ದೇನೆ, ನನಗೇ ತಾನೇ, ಹಾಗಾಗಿ ನಿಜ ಬರೆಯುತ್ತೇನೆ: ಹಾಯೆನ್ನಿಸಿತು. ಹೇಳಿದ್ದೂ ಆಯಿತು, ಯಾರೂ ನಂಬಲೂ ಇಲ್ಲ. ಇನ್ನು ನಮ್ಮ ತಪ್ಪೇನು?

“ವಾಪಸು ಬಂದ ಪ್ರತಿಗಳು ಅರವತ್ತೆಂಟು ಆಗಿವೆ ಮೇಡಂ. ಇವತ್ತು ಲಾರಿಗೆ ಹಾಕ್ತಿದಾರೆ, ಅರೆದು ಮತ್ತೆ ಕಾಗದ ಮಾಡೋ ಕಡೆ ಹೋಗ್ತವೆ. ಉಳಿದದ್ದು ಬಂದ ಹಾಗೆ ಕಳಿಸ್ತೀವಿ. ನೀವು ತಲೆ ಕೆಡಿಸ್ಕೋಬೇಡಿ.”

ಅಕ್ಕ ಕಿಟಕಿಯ ಹತ್ತಿರ ಕೂತು ಓದುತ್ತಿದ್ದಳು. ಒಂದು ಸಾಲು ಓದಿ, ಉಸಿರು ತೆಗೆದುಕೊಂಡು, ಮತ್ತೆ ಅದೇ ಸಾಲು, ಮೊದಲಿಗಿಂತ ಸ್ವಲ್ಪ ಜೋರಾಗಿ. ಯಾರ ಫೋನೆಂದು ಅವಳು ಕೇಳಲಿಲ್ಲ. ನನಗೆ ಬರುವ ಫೋನು ಎಂದುಕೊಂಡಿರಬೇಕು.

“ಮೇಡಂ, ಇದೀರಾ?”

“ನಾನು ಮೇಡಂ ಅಲ್ಲ,” ಎಂದೆ. “ಅವರ ತಂಗಿ. ಆ ಕಾಗದದ ಸಹಿ ಅವರದೇ. ನಿಮ್ಮ ಹತ್ರ ಇರೋ ಚೆಂದದ್ದೆಲ್ಲ ನಂದು.”

“ಏನು ತಮಾಷೆ ಮೇಡಂ ಇದು?”

“ತಮಾಷೆ ಅಲ್ಲ. ಮಾರ್ಚಿಂದ ನಿಮ್ಮ ಜೊತೆ ಮಾತಾಡ್ತಿರೋದು ನಾನು. ಹಸಿರು ಹೊದಿಕೆ ಇರಲಿ ಅಂದಿದ್ದೂ ನಾನೇ.” ಅಕ್ಕ ಓದುವುದನ್ನು ನಿಲ್ಲಿಸಿದ್ದಳು. ಫೋನನ್ನು ಅವಳ ಬಳಿಗೆ ಒಯ್ದು, ಇಬ್ಬರಿಗೂ ಕೇಳಿಸುವಂತೆ ಮಾಡಿ, ಅವಳ ಬಾಯಿಯ ಹತ್ತಿರ ಹಿಡಿದು ಕೂತೆ.

“ಹಲೋ,” ಎಂದಳು ಅಕ್ಕ.

“ಯಾರು ನೀವು?” ಸಂಪಾದಕಿಯ ದನಿ ಗಡುಸಾಗಿತ್ತು. “ಮೇಡಂ ಎಲ್ಲಿ? ಇದು ಅವರ ದನಿ ಅಲ್ಲ.”

ಸಹಿ ಹೋಗಿತ್ತು, ದನಿಯೂ ಹೋಗಿತ್ತು, ಎರಡನ್ನೂ ತೆಗೆದುಕೊಂಡವಳು ನಾನು. ಅಕ್ಕ ಮಾತ್ರ ಗಾಬರಿಯಾಗಲಿಲ್ಲ. ಉಸಿರು ಎಳೆದುಕೊಂಡಳು.

“ಈ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಆ ನಾಯಿ ಬೇಡ, ತೆಗೀರಿ ಅಂದ್ರಿ ನೀವು,” ಎಂದಳು. ಒಂದೊಂದು ಮಾತಿಗೂ ನಡುವೆ ನಿಂತು ನಿಂತು. “ನಾನು ತೆಗೀಲಿಲ್ಲ. ಒಂದು ತಿಂಗಳು ಕಾಗದ ಬರೀದೆ ಮುನಿಸಿಕೊಂಡ್ರಿ. ಆಮೇಲೆ ಸಿಕ್ಕಾಗ ಲಿಫ್ಟಿನಲ್ಲಿ ನಾವಿಬ್ಬರೇ ಇದ್ವಿ. ನಾಯಿ ಸಾಯೋ ಪುಟ ಓದಿ, ನಮ್ಮ ಮನೆ ನಾಯಿಗೆ ಏನೂ ಇಲ್ಲದೇ ಇದ್ರೂ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ ಅಂದ್ರಿ. ಯಾರಿಗೂ ಹೇಳಬೇಡಿ ಅಂದ್ರಿ. ನಾನು ಹೇಳಿಲ್ಲ.”

ನನಗೂ ಹೇಳಿರಲಿಲ್ಲ. ಇಷ್ಟು ತಿಂಗಳು ಅವಳ ಹೆಸರಲ್ಲಿ ಮಾತಾಡಿದ ನನಗೆ ಆ ಪುಸ್ತಕದಲ್ಲಿ ನಾಯಿ ಇದೆಯೆಂಬುದೇ ಗೊತ್ತಿರಲಿಲ್ಲ. ಸಹಿಯ ಪುಟ ದಾಟಿ ನಾನು ಅದನ್ನು ಓದಿಯೇ ಇರಲಿಲ್ಲ.

ಆಮೇಲೆ ಸಂಪಾದಕಿ ತೀರ ಮೆಲ್ಲಗೆ, “ಮೇಡಂ,” ಎಂದರು.

“ಹ್ಞಾಂ, ಹೇಳಿ,” ಎಂದೆ ನಾನು.

ಅಕ್ಕ ನನ್ನ ಮುಖ ನೋಡಿದಳು. ಎರಡೂ ಕೈ ಚಾಚಿ ಫೋನನ್ನು ನನ್ನಿಂದ ಬಿಡಿಸಿಕೊಂಡಳು. ಅದು ಅವಳ ಕಿವಿಯ ಹತ್ತಿರ ಅಲ್ಲಾಡುತ್ತಲೇ ಇತ್ತು, ಕೆನ್ನೆಗೆ ಬಡಿಯುತ್ತಿತ್ತು, ಆದರೂ ಅವಳು ಬಿಡಲಿಲ್ಲ. ನಾನು ಎದ್ದು ಈ ಕೋಣೆಗೆ ಬಂದು ಬರೆಯುತ್ತಿದ್ದೇನೆ. ಬಾಗಿಲು ತೆರೆದೇ ಇದೆ. ಲಾರಿಯಿಂದ ಅರವತ್ತೆಂಟನ್ನೂ ಮೊದಲು ಇಳಿಸಿ ಎನ್ನುತ್ತಿದ್ದಾಳೆ, ಇಲ್ಲಿಯವರೆಗೂ ಕೇಳಿಸುತ್ತಿದೆ.